ಎರ್ಲಡ್ಡು ಮರಿ ಟೆಸ್ಟ್ ಟ್ಯೂಬ್‌ನಲ್ಲಿ ಹುಟ್ಟಿಲ್ಲ, ಸ್ಪಷ್ಟನೆ

"ರಾಜಸ್ಥಾನದಲ್ಲಿ ಟೆಸ್ಟ್ ಟ್ಯೂಬ್‌ನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಮರಿ ಹುಟ್ಟಿದೆ, ಇನ್ಮೇಲೆ ಈ ಹಕ್ಕಿ ಅಳಿಯೋ ಭಯ ಇಲ್ಲ" ಅಂತ ಒಂದು ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ಇದು ನಮ್ಮ ಎರ್ಲಡ್ಡು ಹಕ್ಕಿನೇ. ಮೆಸೇಜ್‌ನಲ್ಲಿರೋ ಎರಡೂ ಮಾತು ತಪ್ಪು.

2024ರಲ್ಲಿ ನಡೆದದ್ದು ಕೃತಕ ಗರ್ಭಧಾರಣೆ, ನಮ್ಮೂರಲ್ಲಿ ಹಸುಗಳಿಗೆ ಮಾಡಿಸ್ತೀವಲ್ಲ ಅದೇ ಥರ. ಈ ಹಕ್ಕಿಗಳನ್ನ ಸಾಕಿ ಮರಿ ಮಾಡಿಸೋ ರಾಮದೇವ್ರಾ ಕೇಂದ್ರದಲ್ಲಿದ್ದ ಸುದಾ ಅನ್ನೋ ಗಂಡು ಹಕ್ಕಿಗೆ ಒಂದು ಡಮ್ಮಿ ಹೆಣ್ಣನ್ನ ತೋರಿಸಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿ ವೀರ್ಯ ತಗೊಂಡು, ಅದನ್ನ ಜೈಸಲ್ಮೇರ್ ಹತ್ರದ ಸಮ್ ಕೇಂದ್ರಕ್ಕೆ ಸಾಗಿಸಿ ಟೋನಿ ಅನ್ನೋ ಹೆಣ್ಣಿಗೆ ಕೊಟ್ರು. ಮೊಟ್ಟೆ ಇಟ್ಟಿದ್ದು ಟೋನಿನೇ. ಅಕ್ಟೋಬರ್‌ನಲ್ಲಿ ಮರಿ ಹೊರಗೆ ಬಂತು.

ಇನ್ನು "ಕಾಡಿನ ಮೊಟ್ಟೆ ಕದ್ದು ಹಕ್ಕಿ ಸಂತತಿನೇ ಮುಗಿಸ್ತಿದಾರೆ" ಅನ್ನೋರೂ ಇದಾರೆ. ಈ ಹಕ್ಕಿ ಬರೀ ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡೋದು, ಅದಕ್ಕೂ ನಾಯಿ, ನರಿ ಕಾಟ. ಮೊಟ್ಟೆ ಬೇಗ ತೆಗೆದ್ರೆ ಎಷ್ಟೋ ಸಲ ತಾಯಿ ಇನ್ನೊಂದು ಇಡುತ್ತೆ, ಅದಕ್ಕೇ ಕೇಂದ್ರದವರು ಕಾಡಿನ ಮೊಟ್ಟೆ ತಗೊಂಡು ಮರಿ ಮಾಡಿಸೋದು.

ಆದ್ರೆ ಕೈಯಲ್ಲಿ ತಿನ್ನಿಸಿ ಬೆಳೆಸಿದ ಮರಿಗಳು ಮನುಷ್ಯರಿಗೆ ಒಗ್ಗಿಬಿಡ್ತವೆ, ಅವನ್ನೇ ಸೀದಾ ಬಿಡೋಕಾಗಲ್ಲ, ಅವುಗಳ ಮುಂದಿನ ಪೀಳಿಗೆಯನ್ನ ಬಿಡಬೇಕು. ಬಿಟ್ರೂ ಹೋಗೋದೆಲ್ಲಿಗೆ? ಹುಲ್ಲುಗಾವಲು ಕಮ್ಮಿ ಆಗ್ತಿದೆ, ಎದುರಿಗಿರೋದು ಬೇಗ ಕಾಣದ ಈ ಭಾರದ ಹಕ್ಕಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತೆ. ನಮ್ಮ ಸಿರುಗುಪ್ಪದ ಎರೆಭೂಮಿಯಲ್ಲಿ ಉಳಿದಿರೋದೂ ಬೆರಳೆಣಿಕೆಯಷ್ಟೇ. ಆ ಮೆಸೇಜ್ ಬಂದ್ರೆ ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ.