ನೀವು ಕೇಳಿದ ಫೈಲು ನೆಲಮಂಗಲ ದಾಟಿದೆ

ಬ್ಯಾಕಪ್ ಎಲ್ಲರಿಗೂ ಬೇಕು, ರಿಸ್ಟೋರ್ ಯಾರಿಗೂ ಬೇಡ. ವರ್ಷಕ್ಕೊಮ್ಮೆ ಆಡಿಟ್‌ನವರು ಬಂದು "ಬ್ಯಾಕಪ್ ಆಗ್ತಿದೆಯೇನ್ರೀ?" ಅಂತಾರೆ. ನಾವು ಹಸಿರು ಬಣ್ಣದ ವರದಿ ತೋರಿಸುತ್ತೇವೆ. ಅವರು ಟಿಕ್ ಹಾಕಿ, ಕಾಫಿ ಕುಡಿದು ಹೋಗುತ್ತಾರೆ. ಒಂದೇ ಒಂದು ಫೈಲು ವಾಪಸ್ ತೆಗೆದು ತೋರಿಸಿ ಅಂದ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ಕೊನೆಗೆ ಹಾಗೆ ಕೇಳಿದವನು ವರುಣದೇವ.

2022ರ ಸೆಪ್ಟೆಂಬರ್ ಮಳೆ ನಿಮಗೂ ನೆನಪಿರಬೇಕು. ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಸಾಫ್ಟ್‌ವೇರ್ ಮಂದಿ ಲ್ಯಾಪ್‌ಟಾಪ್ ಬ್ಯಾಗು ಎದೆಗವಚಿಕೊಂಡು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ಟೀವಿಯಲ್ಲೆಲ್ಲ ಬಂತು. ನಮ್ಮ ಸರ್ವರ್ ರೂಮು ಇದ್ದದ್ದು ಬೇಸ್‌ಮೆಂಟಿನಲ್ಲಿ. ಕಿಟಕಿ ಇರುವ ಮಹಡಿಗಳೆಲ್ಲ ಮೀಟಿಂಗಿಗೆ ಬೇಕಿದ್ದವಲ್ಲ. ಬೆಳಗಾಗುವ ಹೊತ್ತಿಗೆ ಸರ್ವರು, ಟೇಪ್ ಡ್ರೈವು, ಯುಪಿಎಸ್ಸು ಎಲ್ಲಕ್ಕೂ ಜಲಸಮಾಧಿ. ಬ್ಯಾಕಪ್ ಬರೆದಿಟ್ಟಿದ್ದ ಮ್ಯಾಗ್ನೆಟಿಕ್ ಟೇಪುಗಳು ಮಾತ್ರ ಊರಾಚೆಯ ಗೋದಾಮಿನಲ್ಲಿ ಬೆಚ್ಚಗಿದ್ದವು.

"ಟೇಪ್ ಇದೆಯಲ್ಲ, ಮತ್ತೇನ್ರೀ? ಸಂಜೆಯೊಳಗೆ ಮುಗಿಸಿಬಿಡಿ," ಅಂದರು ಮ್ಯಾನೇಜರು.

ಟೇಪ್ ಪೆಟ್ಟಿಗೆ ಟ್ರ್ಯಾಕ್ಟರಿನಲ್ಲೇ ಬಂತು. ಸೆಕ್ಯೂರಿಟಿಯವರು ಅದನ್ನು ತಲೆ ಮೇಲೆ ಹೊತ್ತು ಮೊಣಕಾಲುದ್ದ ನೀರಲ್ಲಿ ನಡೆದು ತಂದರು. ಆ ಇಡೀ ವಾರದಲ್ಲಿ ನಮ್ಮ ಡೇಟಾ ಅತ್ಯಂತ ವೇಗವಾಗಿ ಚಲಿಸಿದ್ದು ಆ ನಡಿಗೆಯಲ್ಲೇ ಇರಬೇಕು. ಟೇಪು ಬಂತು, ಸರಿ. ಓದೋದು ಯಾವುದರಲ್ಲಿ? ಬಾಡಿಗೆಯವನು ಹೊಚ್ಚಹೊಸ ಎಲ್‌ಟಿಓ-8 ಡ್ರೈವು ಹಿಡಿದು ಬಂದ. ಎಲ್‌ಟಿಓ ಅನ್ನೋದು ಬ್ಯಾಕಪ್ ಟೇಪಿನ ಒಂದು ಬಗೆ, ಪಕ್ಕದ ಅಂಕಿ ಅದರ ತಲೆಮಾರು. ನಮ್ಮವು ಎಲ್‌ಟಿಓ-5 ಟೇಪುಗಳು. ಎರಡು ತಲೆಮಾರು ಹಿಂದಿನ ಟೇಪನ್ನೂ ಓದಬೇಕು ಅನ್ನೋ ಮರ್ಯಾದೆ ಎಲ್‌ಟಿಓ-7ರವರೆಗೆ ಇತ್ತು. ಎಂಟನೆಯದು ಅಪ್ಪನನ್ನು ಮಾತ್ರ ಗುರುತಿಸುತ್ತದೆ, ಅಜ್ಜನನ್ನೂ ಇಲ್ಲ, ಮುತ್ತಜ್ಜನನ್ನೂ ಇಲ್ಲ. ಕೊನೆಗೆ ಎಸ್.ಪಿ. ರೋಡಿನ ಒಂದು ಅಟ್ಟದಿಂದ ಧೂಳು ಹಿಡಿದ ಎಲ್‌ಟಿಓ-6 ಡ್ರೈವು ಇಳಿದು ಬಂತು. ಅಂಗಡಿಯವರು ಡ್ರೈವಿನ ಜೊತೆ ಒಂದು ಬುದ್ಧಿಮಾತನ್ನೂ ಪುಕ್ಕಟೆ ಕೊಟ್ಟರು: "ಮೊದಲು ಟೇಪಿನ ಅಂಚಲ್ಲಿರೋ ಆ ಪುಟ್ಟ ಬೀಗ ಸರಿಸಿ ಸಾರ್. ಗಾಬರೀಲಿ ಅದರ ಮೇಲೇ ಬರೆದುಕೊಂಡವರನ್ನ ನೋಡಿದೀನಿ." ಉಗುರಲ್ಲಿ ಒತ್ತಿದರೆ ಟಕ್ ಅಂತ ಸರಿಯುವ ಪ್ಲಾಸ್ಟಿಕ್ ಚೂರು ಅದು. ಒಂದೊಂದೇ ಟೇಪು ಹಿಡಿದು ಟಕ್, ಟಕ್, ಟಕ್.

ಆಮೇಲೆ ಗೊತ್ತಾಯಿತು, ಯಾವ ಫೈಲು ಯಾವ ಟೇಪಿನಲ್ಲಿದೆ ಅಂತ ಹೇಳುವ ಕ್ಯಾಟಲಾಗ್ ಇದ್ದದ್ದು ಮುಳುಗಿದ ಸರ್ವರಿನಲ್ಲೇ ಅಂತ. ಟೇಪಿನ ಮೇಲಿನ ಚೀಟಿ ನೋಡೋಣವೆಂದರೆ, ಯಾವಾಗಲೋ ಕೆಲಸ ಬಿಟ್ಟುಹೋದ ಮಹಾನುಭಾವರೊಬ್ಬರ ಕೈಬರಹ: "ಶುಕ್ರವಾರ". ಯಾವ ಶುಕ್ರವಾರ? ಇನ್ನೊಂದರ ಮೇಲೆ "ಶುಕ್ರವಾರ ಹೊಸದು". ಹಾಗಾಗಿ ಒಂದೊಂದು ಟೇಪನ್ನೂ ಸುಮ್ಮನೆ ಓದಿಸಿ, ಒಳಗೇನಿದೆ ಅಂತ ಪಟ್ಟಿ ಮಾಡಿಕೊಳ್ಳುವುದೇ ಮೊದಲ ಕೆಲಸವಾಯಿತು. ಮ್ಯಾನೇಜರ ಪ್ರಕಾರ ನಾವಿನ್ನೂ ಶುರುವೇ ಮಾಡಿರಲಿಲ್ಲ.

ಎಷ್ಟು ಹೊತ್ತು ಅಂತ ಕೇಳಿದವರಿಗೆಲ್ಲ ನಾನು ತುಮಕೂರಿನ ಲೆಕ್ಕ ಹೇಳತೊಡಗಿದೆ. ಎಲ್‌ಟಿಓ-5 ಟೇಪಿನ ಉದ್ದ 846 ಮೀಟರ್. ಅದರ ಮೇಲೆ 1,280 ಟ್ರ್ಯಾಕು, ಒಂದು ಸಲಕ್ಕೆ ಓದುವುದು 16. ಅಂದರೆ ಈ ತುದಿಯಿಂದ ಆ ತುದಿಗೆ 80 ಸಲ ಓಡಬೇಕು. ಕೂಡಿಸಿದರೆ 67 ಕಿಲೋಮೀಟರ್ ಮೇಲೆ, ಹೆಚ್ಚುಕಡಿಮೆ ಬೆಂಗಳೂರಿಂದ ತುಮಕೂರು. ಒಂದು ಟೇಪಿನ 1.5 ಟಿಬಿಯನ್ನು ಸೆಕೆಂಡಿಗೆ 140 ಎಂಬಿಯಂತೆ ಓದಿದರೆ 3 ಗಂಟೆ. ಗೊರಗುಂಟೆಪಾಳ್ಯದ ಟ್ರಾಫಿಕ್ ಸೇರಿಸಿದರೆ ಸಮಯವೂ ತಾಳೆಯಾಗುತ್ತದೆ. ಅಕೌಂಟ್ಸ್‌ನವರು ಫೋನ್ ಮಾಡಿ "ನಮ್ಮ ಫೋಲ್ಡರ್ ಎಲ್ಲಿದೆ?" ಅಂದರೆ "ನೆಲಮಂಗಲ ದಾಟಿದೆ ಮೇಡಂ" ಅಂತಿದ್ದೆ.

ಆದರೆ ಆ 3 ಗಂಟೆ ದೊಡ್ಡ ದೊಡ್ಡ ಫೈಲುಗಳಿಗೆ ಮಾತ್ರ. ನಮ್ಮಲ್ಲಿ ಇದ್ದದ್ದು ಲಕ್ಷಗಟ್ಟಲೆ ಸ್ಕ್ಯಾನ್ ಮಾಡಿದ ಬಿಲ್ಲುಗಳು. ಒಂದೊಂದಕ್ಕೂ ಡಿಸ್ಕಿನಲ್ಲಿ ಹೆಸರಿಡಬೇಕು, ಪರ್ಮಿಷನ್ ಹಚ್ಚಬೇಕು, ಮುಚ್ಚಬೇಕು. ಅಷ್ಟರಲ್ಲಿ ಆಂಟಿವೈರಸ್ಸು ಎದ್ದು "ಯಾರಪ್ಪ ನೀನು?" ಅಂತ ಪ್ರತಿಯೊಂದು ಆಟೋ ಬಿಲ್ಲನ್ನೂ ವಿಚಾರಿಸಬೇಕು. ಡಿಸ್ಕು ಹಿಂದೆ ಬಿದ್ದರೆ ಡ್ರೈವು ಒಂದು ಮಟ್ಟದವರೆಗೆ ವೇಗ ತಗ್ಗಿಸಿಕೊಳ್ಳುತ್ತದೆ. ಆಮೇಲೆ ಅದಕ್ಕೂ ಸಾಕಾಗಿ ನಿಲ್ಲುತ್ತದೆ. ಓಡುವ ಟೇಪು ಗಕ್ಕನೆ ನಿಲ್ಲುವುದಿಲ್ಲ, ಸ್ವಲ್ಪ ಮುಂದೆ ಹೋಗಿಬಿಡುತ್ತದೆ, ಮತ್ತೆ ಹಿಂದಕ್ಕೆ ಸುತ್ತಿ, ಓಟ ಹಿಡಿದು ಅದೇ ಜಾಗಕ್ಕೆ ಬರಬೇಕು. ಗುಂಯ್, ಟಕ್, ಗುಂಯ್. ರಾತ್ರಿಯಿಡೀ ಇದೇ ಸಂಗೀತ. ಸಾಲದ್ದಕ್ಕೆ, ಬ್ಯಾಕಪ್ ಬೇಗ ಮುಗಿಯಲಿ ಅಂತ ಹಲವು ಸರ್ವರುಗಳ ಡೇಟಾವನ್ನು ಒಟ್ಟಿಗೆ ಹೆಣೆದು ಬರೆದಿದ್ದರು. ಈಗ ಒಂದು ಸರ್ವರಿನದ್ದು ಬೇಕೆಂದರೆ ಉಳಿದವರ ಪುರಾಣವನ್ನೆಲ್ಲ ದಾಟಿಕೊಂಡೇ ಬರಬೇಕು.

ತಿಂಗಳ ಸಂಬಳದ ಫೋಲ್ಡರಿಗಾಗಿ ಫೈನಾನ್ಸ್ ಮುಖ್ಯಸ್ಥರು ಬಂದು ನನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತರು. ಟೇಪಿಗೆ ಅವರ ಹುದ್ದೆ ಗೊತ್ತಿಲ್ಲ. ಬರೆದ ಕ್ರಮದಲ್ಲೇ ಕೊಡುತ್ತಾ ಹೋಯಿತು. ಮೊದಲು ಬಂದದ್ದು ಆಡ್ಮಿನ್‌ನವರ ಫೋಲ್ಡರು, ಅದರೊಳಗೆ ರಾಜ್ಯೋತ್ಸವದ ಡ್ಯಾನ್ಸ್ ವಿಡಿಯೋ. ದೊಡ್ಡ ಫೈಲು, ಹಾಗಾಗಿ ಪೂರ್ತಿ ವೇಗದಲ್ಲಿ, ಕಣ್ಣಿಗೆ ಹಬ್ಬವಾಗುವಂತೆ ಬಂತು. ಮುಂದಿನ ಫೋಲ್ಡರಿನಲ್ಲೂ ಅದೇ ವಿಡಿಯೋ. ಅದರ ಮುಂದಿನದರಲ್ಲೂ. ಕುಣಿದವರೆಲ್ಲ ಒಂದೊಂದು ಪ್ರತಿ ಇಟ್ಟುಕೊಂಡಿದ್ದರು, ನೋಡಿದವರು ಕೂಡ. ಮುಖ್ಯಸ್ಥರು ತುಂಬಾ ಹೊತ್ತು ಪರದೆ ನೋಡಿ, "ಇದರಲ್ಲಿ ನಾನೂ ಇದೀನಲ್ವಾ?" ಅಂದರು. ಇದ್ದರು, ಎರಡನೇ ಸಾಲಿನಲ್ಲಿ, ಪೇಟ ಕಟ್ಟಿಕೊಂಡು.

ಮ್ಯಾನೇಜರನ್ನು ಸಮಾಧಾನ ಮಾಡಲು ಗೂಗಲ್ ಕತೆ ಹೇಳಿದೆ. 2011ರ ಫೆಬ್ರವರಿಯಲ್ಲಿ ಸ್ಟೋರೇಜ್ ಸಾಫ್ಟ್‌ವೇರಿನ ದೋಷದಿಂದ ಜಿಮೇಲ್‌ನ ಶೇ. 0.02ರಷ್ಟು ಬಳಕೆದಾರರ ಪೆಟ್ಟಿಗೆಗಳು ಖಾಲಿಯಾದಾಗ, ಆನ್‌ಲೈನ್ ಪ್ರತಿಗಳೂ ಕೈಕೊಟ್ಟಾಗ, ಅವರೂ ಟೇಪಿಗೇ ಮೊರೆ ಹೋಗಿ ಪತ್ರಗಳನ್ನು ವಾಪಸ್ ತಂದರು, ಅವರಿಗೂ ಗಂಟೆಗಳಲ್ಲಿ ಮುಗಿಯಲಿಲ್ಲ ಅಂದೆ. ಮ್ಯಾನೇಜರು ಗಂಭೀರವಾಗಿ ಕೇಳಿಸಿಕೊಂಡು, "ಹಾಗಾದರೆ ಸಂಜೆಗೆ ಆಗಲ್ಲ ಅಂತೀರಾ?" ಅಂದರು.

ಆಂಟಿವೈರಸ್ಸನ್ನು ಮಲಗಿಸಿದ ಮೇಲೆ ಓಟ ಸ್ವಲ್ಪ ಕುದುರಿತು. ಬ್ಯಾಕಪ್ ಸರ್ವರಿನ ಹಳೇ ಸೆಟ್ಟಿಂಗುಗಳೂ ಒಂದು ಟೇಪಿನಲ್ಲಿ ಸಿಕ್ಕವು. ಅವುಗಳ ಜೊತೆ ಹಳೇ ವೇಳಾಪಟ್ಟಿಯೂ ಜೀವ ತಳೆದದ್ದು ಆ ಗಡಿಬಿಡಿಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ರಾತ್ರಿ ಹನ್ನೊಂದಕ್ಕೆ ಅದು ತನ್ನ ಪಾಡಿಗೆ ಎದ್ದು, ಸಂಬಳದ ಲೆಕ್ಕಕ್ಕೆಂದು ಹೊಸದಾಗಿ ಕಟ್ಟಿದ್ದ, ಇನ್ನೂ ಏನೂ ತುಂಬಿರದ ಸರ್ವರನ್ನು ತಡಕಾಡಿತು. ಬರೆಯಲು ಏನೂ ಇರಲಿಲ್ಲವಾಗಿ ಟೇಪೂ ಕೇಳಲಿಲ್ಲ. ಬೆಳಗ್ಗೆ ಎಲ್ಲರಿಗೂ ಹಸಿರು ಬಣ್ಣದ ವರದಿ ಹೋಗಿತ್ತು: ಬ್ಯಾಕಪ್ ಯಶಸ್ವಿ, ಒಟ್ಟು ಫೈಲು 0, ದೋಷ 0.

ಮ್ಯಾನೇಜರು ಅದಕ್ಕೆ "ಗುಡ್ ಜಾಬ್ ಟೀಮ್" ಅಂತ ಉತ್ತರ ಬರೆದಿದ್ದರು. ಆಡಿಟ್‌ನವರಿಗೂ ಒಂದು ಪ್ರತಿ ಹಾಕಿದ್ದರು.