ಜೋಕುಮಾರನ ಸಾಕ್ಷಿ

ಗಣೇಶ ಚೌತಿ ಮುಗಿದು ನಾಲ್ಕು ದಿನಕ್ಕೆ, ಭಾದ್ರಪದದ ಅಷ್ಟಮಿಯಂದು, ನಮ್ಮ ರೋಣ ಸೀಮೆಯ ಹಳ್ಳಿಗಳಲ್ಲಿ ಹಸಿ ಮಣ್ಣಿನ ಜೋಕುಮಾರ ಹುಟ್ಟುತ್ತಾನೆ. ಅಗಲ ಮುಖದ, ದುಂಡು ಕಣ್ಣಿನ ಆ ಮೂರ್ತಿಯನ್ನು ಬೇವಿನ ತಪ್ಪಲು ತುಂಬಿದ ಬುಟ್ಟಿಯಲ್ಲಿ ಕೂರಿಸಿ, ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಹಾಡುತ್ತಾ ಓಣಿ ಓಣಿ ತಿರುಗುತ್ತಾರೆ. ನಮ್ಮ ಅಜ್ಜಿ ಅವನ ತುಟಿಗೆ ಬೆಣ್ಣೆ ಸವರಿ, ಮೊರದ ತುಂಬ ಜೋಳ ನೀಡಿ, ಅವರು ಮರಳಿ ಕೊಟ್ಟ ಬೇವಿನೆಲೆ, ನುಚ್ಚನ್ನು ಹೊಲಕ್ಕೆ ಚೆಲ್ಲಿ ಬಾ ಎಂದು ನನ್ನ ಕೈಗಿಡುತ್ತಿದ್ದರು.

ಕಥೆ ಹೀಗಿದೆ. ಭೂಮಿಗೆ ಬಂದ ಗಣಪ್ಪ ಕಡಬು, ಹೋಳಿಗೆ ಉಂಡು ಕೈಲಾಸಕ್ಕೆ ಮರಳಿ, ಎಲ್ಲರೂ ಸುಖವಾಗಿದ್ದಾರೆಂದು ಹೇಳುತ್ತಾನೆ. ಜೋಕುಮಾರನಾದರೋ ಕೇರಿಯನ್ನೂ ಹೊಲವನ್ನೂ ಅಲೆದು, ಬಾಡಿದ ಪೈರನ್ನು ಕಣ್ಣಾರೆ ಕಂಡು, ಇದ್ದದ್ದನ್ನು ಇದ್ದಂತೆ ಶಿವನಿಗೆ ತಿಳಿಸುತ್ತಾನೆ. ಆಮೇಲೆ ಮಳೆ ಬರುತ್ತದೆ.

ಮನುಷ್ಯನು ಸಮಾಧಾನಕ್ಕಾಗಿ ದೇವರ ಕಥೆ ಕಟ್ಟಿಕೊಂಡನೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಮಾಧಾನವೇ ಬೇಕಿದ್ದರೆ ಗಣಪ್ಪನ ವರದಿ ಸಾಕಾಗಿತ್ತು. ನಮ್ಮ ಹಿರಿಯರಿಗೆ ಬೇಕಾಗಿದ್ದದ್ದು ತಮ್ಮ ಕಷ್ಟಕ್ಕೊಬ್ಬ ಸಾಕ್ಷಿ. ಎರೆ ಭೂಮಿಯಲ್ಲಿ ಹಿಂಗಾರಿ ಜೋಳದ ಬಿತ್ತನೆ ಆ ಹೊತ್ತಿನ ಮಳೆಯನ್ನೇ ನೆಚ್ಚಿಕೊಂಡಿರುತ್ತದೆ. ಆದ್ದರಿಂದ ಈ ಕಥೆಯನ್ನು ಕಟ್ಟಿದವರು ಮುಗಿಲನ್ನು ನೋಡುತ್ತ ಕೂರಿಗೆ ಸಜ್ಜು ಮಾಡಿಕೊಂಡು ಕುಳಿತವರೇ ಇರಬೇಕು. ಆ ಸಾಕ್ಷಿಯನ್ನು ಅವರು ಸಾಧುವಾಗಿಯೂ ಚಿತ್ರಿಸಲಿಲ್ಲ. ಜೋಕುಮಾರ ಪುಂಡ, ಪರರ ಹೆಂಡಿರ ಮೇಲೆ ಕಣ್ಣಿಟ್ಟವನು, ಅದಕ್ಕಾಗಿಯೇ ಸಾಯುವವನು. ಇಂಥವನ ಬಾಯಿಂದಲೇ ಸತ್ಯವನ್ನು ಹೇಳಿಸಿದ ಕಲ್ಪನೆಯ ಧೈರ್ಯ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಗದುಗಿನ ಹತ್ತಿರದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಸಾವಿರ ವರ್ಷ ದಾಟಿ ನಿಂತಿದೆ. ಅದನ್ನು ಶಿಲ್ಪಕಲೆಯೆಂದು ಗೌರವಿಸುವ ನಾವು, ವಾರದೊಳಗೆ ಅಳಿಯುವ ಈ ಮಣ್ಣಿನ ಮೂರ್ತಿಯನ್ನು ಬರಿಯ ಆಚರಣೆಯೆಂದು ಬದಿಗಿಡುವುದು ಸರಿಯಲ್ಲ. ಕಲ್ಲು ತಾನೇ ಉಳಿಯುತ್ತದೆ. ಮಣ್ಣಿನ ಮೂರ್ತಿ ಉಳಿಯಬೇಕಾದರೆ ಪ್ರತಿವರ್ಷ ಒಬ್ಬರ ಬೆರಳುಗಳು ಅದನ್ನು ನೆನಪಿಟ್ಟಿರಬೇಕು, ಒಬ್ಬರ ಕೊರಳು ಹಾಡನ್ನು ಕಾಪಾಡಿರಬೇಕು. ಈಗ ಹಾಡು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಮನೆಯ ಮಕ್ಕಳು ಮೊರ ಹಿಡಿದು ಬಾಗಿಲು ಬಾಗಿಲಿಗೆ ಹೋಗಲು ಸಂಕೋಚಪಡುತ್ತಾರೆ. ಕೊಡುವವರ ನೋಟ ಬದಲಾದ ಮೇಲೆ ಆ ಸಂಕೋಚವನ್ನು ತಪ್ಪೆನ್ನಲು ನನಗೆ ಮನಸ್ಸಾಗದು.

ಹುಣ್ಣಿಮೆಯ ರಾತ್ರಿ ಜೋಕುಮಾರನನ್ನು ಒನಕೆಯಿಂದ ಕುಟ್ಟಿ, ಏಳು ದಿನ ಹಾಡಿದ ಹೆಂಗಸರೇ ಅವನಿಗಾಗಿ ಅಳುತ್ತಾರೆ. ಒಡೆದ ಮೂರ್ತಿಯನ್ನು ಹಳ್ಳದ ದಂಡೆಗೆ ಒಯ್ದು ಬಿಡುತ್ತಾರೆ. ಅಲ್ಲಿನ ಒಗೆಯುವ ಬಂಡೆಗಳ ಮೇಲೆ ಮೂರು ದಿನ ಯಾರೂ ಬಟ್ಟೆ ಒಗೆಯುವುದಿಲ್ಲ.