ಕೂಡಿಸದೆ ಬಿಟ್ಟ ಲೆಕ್ಕ

ನಲವತ್ತಾರನೆಯ ವಯಸ್ಸಿನಲ್ಲಿ ನನಗೆ ಇದ್ದಕ್ಕಿದ್ದಂತೆ ಓದುವ ಕನ್ನಡಕ ಬೇಡವಾಯಿತು. ಪತ್ರಿಕೆಯ ಸಣ್ಣ ಅಕ್ಷರಗಳೂ ಬರಿಗಣ್ಣಿಗೆ ನಿಚ್ಚಳವಾಗಿ ಕಾಣತೊಡಗಿದವು. ವಯಸ್ಸು ಹಿಂದಕ್ಕೆ ಓಡುತ್ತಿದೆ ಎಂದು ಮನೆಯವರ ಮುಂದೆ ಬೀಗಿದೆ. ದೂರದಿಂದ ಬರುವ ಬಸ್ಸಿನ ಬೋರ್ಡು ಮಸುಕಾಗುತ್ತಿದ್ದುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಗುಟ್ಟಾಗಿ ಹೋಗಿ ಅದಕ್ಕೊಂದು ಹೊಸ ಕನ್ನಡಕ ಮಾಡಿಸಿಕೊಂಡೆ. ಎರಡೇ ತಿಂಗಳಲ್ಲಿ ಅದೂ ಸರಿಹೊಂದದಾಯಿತು. ಮತ್ತೆ ಹೋದಾಗ, ಕಣ್ಣು ಪರೀಕ್ಷಿಸುತ್ತಿದ್ದ ಹುಡುಗಿ ಮಸೂರ ಬದಲಿಸುತ್ತಲೇ ಕೇಳಿದಳು: "ಸರ್, ಶುಗರ್ ನೋಡಿಸಿಕೊಂಡಿದ್ದೀರಾ?"

ನನಗೆ ಸಿಟ್ಟು ಬಂತು. ಕನ್ನಡಕಕ್ಕೆಂದು ಬಂದವನಿಗೆ ಕಾಯಿಲೆ ಅಂಟಿಸಿ ಕಳಿಸುತ್ತಾಳಲ್ಲ ಎನಿಸಿತು. ಮನೆಗೆ ಬಂದು ಹೆಂಡತಿಯ ಮುಂದೆ ಇದನ್ನೇ ನಗೆಚಾಟಿಕೆ ಮಾಡಿದೆ. ಅವಳು ನಗಲಿಲ್ಲ. "ನೀವು ರಾತ್ರಿ ಎಷ್ಟು ಸಲ ಏಳುತ್ತೀರಿ ಎಂಬುದು ನಿಮಗೆ ಗೊತ್ತಿದೆಯೋ ಇಲ್ಲವೋ, ನನಗೆ ಗೊತ್ತು," ಎಂದಳು.

ಮೂರು ಸಲ. ಕೆಲವು ರಾತ್ರಿ ನಾಲ್ಕು. ಹಾಸಿಗೆಯ ಪಕ್ಕದ ಒಂದು ಲೀಟರ್ ಬಾಟಲಿ ಬೆಳಗಾಗುವಷ್ಟರಲ್ಲಿ ಖಾಲಿ. ಹೆಚ್ಚು ನೀರು ಕುಡಿಯುವುದು ಒಳ್ಳೆಯ ಅಭ್ಯಾಸ, ಕುಡಿದ ಮೇಲೆ ಏಳಲೇಬೇಕಲ್ಲ ಎಂಬುದು ನನ್ನ ಸಬೂಬು. ನಿಜಸಂಗತಿ ತಿರುಗುಮುರುಗಾಗಿತ್ತು. ರಕ್ತದಲ್ಲಿ ಗ್ಲೂಕೋಸ್ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿತೆಂದರೆ, ಅಷ್ಟನ್ನೂ ಮರಳಿ ಹೀರಿಕೊಳ್ಳುವುದು ಮೂತ್ರಪಿಂಡಗಳ ಕೈಲಾಗುವುದಿಲ್ಲ. ಉಳಿದ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ಇಳಿಯುವಾಗ ಮೈಯ ನೀರನ್ನೂ ಎಳೆದುಕೊಂಡು ಹೋಗುತ್ತದೆ. ನಾನು ಕುಡಿದದ್ದಕ್ಕೆ ಹೋಗುತ್ತಿರಲಿಲ್ಲ, ಹೋದದ್ದಕ್ಕೆ ಕುಡಿಯುತ್ತಿದ್ದೆ. ಓದುವ ಕನ್ನಡಕ ಬೇಡವಾದ ಪವಾಡವೂ ಅದೇ ಸಕ್ಕರೆಯದು. ಅದು ಏರಿದಾಗ ಕಣ್ಣಿನೊಳಗಿನ ಮಸೂರ ಉಬ್ಬಿ ದೃಷ್ಟಿಯ ನಂಬರ್ ಬದಲಾಗುವುದುಂಟು.

ಆಮೇಲೆ ಒಂದೊಂದೇ ನೆನಪಾಯಿತು. ಆರು ತಿಂಗಳಲ್ಲಿ ಏಳು ಕೆಜಿ ಇಳಿದಿದ್ದೆ. ಸಿಕ್ಕವರೆಲ್ಲ "ಏನು ವ್ಯಾಯಾಮ ಮಾಡುತ್ತಿದ್ದೀರಿ?" ಎಂದು ಹೊಗಳುತ್ತಿದ್ದರು, ನಾನೂ ಏನೋ ಮಾಡುತ್ತಿರುವವನಂತೆ ನಗುತ್ತಿದ್ದೆ. ಕತ್ತಿನ ಹಿಂದೆ ಮಖಮಲ್ಲಿನಂತೆ ದಪ್ಪಗಾಗಿದ್ದ ಕಪ್ಪು ಪಟ್ಟೆಯನ್ನು ಕೊಳೆಯೆಂದುಕೊಂಡು ವರ್ಷಗಟ್ಟಲೆ ಉಜ್ಜಿದ್ದೇ ಉಜ್ಜಿದ್ದು. ದೇಹ ಇನ್ಸುಲಿನ್ನಿಗೆ ಸರಿಯಾಗಿ ಓಗೊಡದಿದ್ದಾಗ ಚರ್ಮ ಹಾಗಾಗಬಹುದೆಂದು ಯಾರಿಗೆ ಗೊತ್ತಿತ್ತು? ಮೊಣಕಾಲ ಕೆಳಗಿನ ತರಚುಗಾಯ ಒಣಗಲು ಐದು ವಾರ ಹಿಡಿದಿತ್ತು. ಮಧ್ಯಾಹ್ನದ ಸುಸ್ತನ್ನಂತೂ ಕೆಲಸದ ಖಾತೆಗೆ ಬರೆದಿದ್ದೆ. ಹೀಗೆ ಒಂದೊಂದು ಲಕ್ಷಣಕ್ಕೂ ಬೇರೆಬೇರೆ ಸಮಜಾಯಿಷಿ ಕೊಟ್ಟುಕೊಂಡು, ಒಟ್ಟಿಗೆ ಕೂಡಿಸಿ ನೋಡುವ ಕೆಲಸವನ್ನು ಮಾತ್ರ ಮಾಡಿರಲಿಲ್ಲ. ಎಲ್ಲವೂ ಒಂದೇ ದಿನ ಬಂದಿದ್ದರೆ ಅಂದೇ ಆಸ್ಪತ್ರೆಗೆ ಓಡುತ್ತಿದ್ದೆ. ಸಕ್ಕರೆ ಕಾಯಿಲೆಗೆ ಅಂಥ ಅವಸರವಿಲ್ಲ.

ಕೊನೆಗೂ ರಕ್ತ ಪರೀಕ್ಷೆ ಮಾಡಿಸಿದೆ. ಸಕ್ಕರೆ ಖಾಲಿ ಹೊಟ್ಟೆಯಲ್ಲಿ 212. ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ 10.1. ಮೊದಲನೆಯದು 126 ಮುಟ್ಟಿದರೆ ಅಥವಾ ಎರಡನೆಯದು 6.5 ಮುಟ್ಟಿದರೆ ಮಧುಮೇಹವೆಂದೇ ಲೆಕ್ಕ. ವೈದ್ಯರು ಮಲಗಿಸಿ, ಕಣ್ಣು ಮುಚ್ಚಿಸಿ, ತೆಳುವಾದ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ತಾಗಿಸುತ್ತೇನೆ, ತಾಗಿದಾಗ ಹೇಳಿ ಎಂದರು. ಕಾದೆ. "ಯಾವಾಗ ತಾಗಿಸುತ್ತೀರಿ ಡಾಕ್ಟರೇ?" ಎಂದು ಕೇಳಿದೆ.

"ಮೂರು ಕಡೆ ತಾಗಿಸಿ ಆಯಿತು," ಎಂದರು.

ಹಳೆಯ ಫೈಲು ಹುಡುಕಿದಾಗ ನಾಲ್ಕು ವರ್ಷದ ಹಿಂದಿನ ವರದಿ ಸಿಕ್ಕಿತು. ಖಾಲಿ ಹೊಟ್ಟೆಯಲ್ಲಿ 112, ಪಕ್ಕದಲ್ಲೊಂದು ನಕ್ಷತ್ರದ ಗುರುತು. ಆಗ ಅದನ್ನು ನೋಡಿದವರು "ಬಾರ್ಡರ್‌ನಲ್ಲಿದೆ, ಅಷ್ಟೇ" ಎಂದಿದ್ದರು. ಆ 'ಅಷ್ಟೇ' ಎಂಬ ಪದದ ಮೇಲೆ ನನಗೆ ಇವತ್ತಿಗೂ ಕೋಪವಿದೆ. ಗಡಿಯಲ್ಲಿದ್ದೇನೆ ಎಂದರೆ ಇನ್ನೂ ಈಚೆಗೇ ಇದ್ದೇನೆ ಎಂದು ಅರ್ಥ ಮಾಡಿಕೊಂಡು ನಾಲ್ಕು ವರ್ಷ ನೆಮ್ಮದಿಯಾಗಿ ಮಲಗಿದೆ. ಹಿಂದಿರುಗುವ ದಾರಿ ಹೆಚ್ಚು ಸುಲಭವಾಗಿದ್ದುದು ಆಗಲೇ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಇಂಥ ಗಡಿಯಲ್ಲಿದ್ದವರಿಗೆ ತೂಕದಲ್ಲಿ ನೂರಕ್ಕೆ ಏಳರಷ್ಟು ಇಳಿಸುವ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವ ಗುರಿ ಕೊಟ್ಟಿದ್ದರು. ಆ ಗುಂಪಿನಲ್ಲಿ ಮಧುಮೇಹ ಬರುವ ಪ್ರಮಾಣ ಶೇಕಡಾ 58ರಷ್ಟು ತಗ್ಗಿತು. ಮಾತ್ರೆ ತೆಗೆದುಕೊಂಡವರಲ್ಲಿ ತಗ್ಗಿದ್ದು ಶೇಕಡಾ 31. ನಡಿಗೆಗೆ ಮಾತ್ರೆಗಿಂತ ಹೆಚ್ಚು ಬೆಲೆಯಿದ್ದ ಆ ಕಾಲವನ್ನು ನಾನು ನಿದ್ದೆಯಲ್ಲಿ ಕಳೆದೆ.

ಇನ್ನೊಂದು ಮಾತಿದೆ, ಇದನ್ನು ಅರ್ಥ ಮಾಡಿಕೊಳ್ಳಲು ನನಗೂ ಸಮಯ ಬೇಕಾಯಿತು. ನಾವು 'ಆರಂಭದ ಲಕ್ಷಣ' ಎನ್ನುವುದು ಹಲವರಲ್ಲಿ ಆರಂಭದ್ದೇ ಅಲ್ಲ. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದರು, ಮಧುಮೇಹ ಎಂಬ ಹೆಸರಿನಲ್ಲೇ ಆ ಸಿಹಿಯಿದೆ. ಆದರೆ ಇರುವೆಗೆ ಸುದ್ದಿ ಮುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ಆ 180 ದಾಟಿ ಹೋಗಿರುತ್ತದೆ. 112ರಲ್ಲಿ ನನಗೆ ಬಾಯಾರಿಕೆಯೂ ಇರಲಿಲ್ಲ, ಸುಸ್ತೂ ಇರಲಿಲ್ಲ. ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದವರು, ಸೊಂಟದ ಸುತ್ತಳತೆ ಬೆಳೆದವರು, ಬಿಪಿ ಇರುವವರು, ಬಸಿರಿನಲ್ಲಿ ಸಕ್ಕರೆ ಏರಿ ಹೆರಿಗೆಯ ಬಳಿಕ ಇಳಿದ ತಾಯಂದಿರು, ಇವರೆಲ್ಲ ಲಕ್ಷಣಕ್ಕಾಗಿ ಕಾಯುತ್ತ ಕೂರುವುದು ನನ್ನ ಪ್ರಕಾರ ತಪ್ಪು. "ನನಗೇನೂ ಆಗುತ್ತಿಲ್ಲವಲ್ಲ" ಎನ್ನುವವರೊಂದಿಗೆ ಈಗ ನಾನು ವಾದಕ್ಕೇ ನಿಲ್ಲುತ್ತೇನೆ.

ಮಕ್ಕಳ ವಿಷಯ ಬೇರೆ, ಅಲ್ಲಿ ವರ್ಷಗಳ ಲೆಕ್ಕವಿಲ್ಲ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರುಮಾಡಿದರೆ, ಸದಾ ನೀರು ಕೇಳುತ್ತ ಸೊರಗುತ್ತಿದ್ದರೆ, ಗದರುವುದನ್ನು ಬಿಟ್ಟು ಅಂದೇ ರಕ್ತದ ಸಕ್ಕರೆ ನೋಡಿಸಿ. ಜೊತೆಗೆ ವಾಂತಿ, ಏದುಸಿರು, ಬಾಯಲ್ಲಿ ಹಣ್ಣಿನಂಥ ವಾಸನೆ ಇದ್ದರೆ ಹೊಟ್ಟೆ ಕೆಟ್ಟಿದೆ ಎಂದು ಮನೆಮದ್ದು ಮಾಡುತ್ತ ಕೂರಬೇಡಿ, ತುರ್ತು ಚಿಕಿತ್ಸೆಗೆ ಹೊರಡಿ.

ನನ್ನ ಕಥೆ ಇಷ್ಟಾದ ಮೇಲೆ ಮಾತ್ರೆ, ನಡಿಗೆ, ಮೂರು ತಿಂಗಳಿಗೊಮ್ಮೆ ಪರೀಕ್ಷೆ ಶುರುವಾಯಿತು. ಸಕ್ಕರೆ ಇಳಿದು ಒಂದು ಹದಕ್ಕೆ ನಿಲ್ಲುವ ತನಕ ಕನ್ನಡಕ ಮಾತ್ರ ಮಾಡಿಸಬೇಡಿ ಎಂದು ವೈದ್ಯರು ಹೇಳಿದ್ದರು. ಕೆಲವೇ ವಾರಗಳಲ್ಲಿ ಬಸ್ಸಿನ ಬೋರ್ಡು ತಿಳಿಯಾಯಿತು, ಪತ್ರಿಕೆಯ ಅಕ್ಷರ ಮಸುಕಾಯಿತು. ಬೇಡವೆಂದು ಎತ್ತಿಟ್ಟಿದ್ದ ಹಳೆಯ ಓದುವ ಕನ್ನಡಕ ಹುಡುಕಿ ಹಾಕಿಕೊಂಡೆ, ಇದನ್ನು ಟೈಪ್ ಮಾಡುತ್ತಿರುವುದೂ ಅದರಲ್ಲೇ. ಗುಟ್ಟಾಗಿ ಮಾಡಿಸಿದ್ದ ಹೊಸದು ಮೇಜಿನ ಖಾನೆಯಲ್ಲಿ, 112ರ ವರದಿಯ ಮೇಲೆ ಬಿದ್ದುಕೊಂಡಿದೆ.